ಅಕ್ಕ, ಪಾಯಿಂಟ್ ಎಲ್ಲಿ?

ಬೆಳಗಿನ ಜಾವ 3 ಗಂಟೆ 50 ನಿಮಿಷ. ಐಸಿಯುವಿನ ನಾಲ್ಕನೇ ಬೆಡ್. ನಾರ್‌ಅಡ್ರಿನಲಿನ್ ಸಿರಿಂಜ್ ಖಾಲಿಯಾಗುತ್ತಾ ಬಂದಿತ್ತು. ಬಿಪಿ ಕುಸಿದ ರೋಗಿಯನ್ನು ಎತ್ತಿ ಹಿಡಿಯುವ ಔಷಧಿ ಅದು. ಗಂಟೆಗೆ ಇಷ್ಟು ಮಿಲಿಲೀಟರ್ ಅಂತ ಪಂಪ್‌ಗೆ ಹೇಳಿದರೆ ಅಷ್ಟನ್ನೇ ತಳ್ಳುತ್ತಾ ಹೋಗುತ್ತದೆ. ಅಕ್ಕ ಹೊಸ ಸಿರಿಂಜ್ ಕೂರಿಸಿದರು. ಲೈನಿನಲ್ಲಿ ಗಾಳಿ ಇಲ್ಲ ಅಂತ ಬೆಳಕಿಗೆ ಹಿಡಿದು ನೋಡಿದರು. ರೇಟ್ ಒತ್ತಿದರು. ಸ್ಟಾರ್ಟ್ ಒತ್ತುವ ಮುಂಚೆ ಇನ್ನೊಬ್ಬರು ಬಂದು ನೋಡಬೇಕು, ಇಂಥ ಔಷಧಿಗಳಿಗೆ ಅದು ನಿಯಮ. ಆ ರಾತ್ರಿ ನೋಡಲು ಬಂದವಳು ಕೆಲಸಕ್ಕೆ ಸೇರಿ ಏಳು ತಿಂಗಳಾಗಿದ್ದ ಹುಡುಗಿ.

“ಅಕ್ಕ, ಪಾಯಿಂಟ್ ಎಲ್ಲಿ?” ಅಂದಳು.

4.0 ಇರಬೇಕಾದ ಜಾಗದಲ್ಲಿ 40 ಇತ್ತು.

ಹತ್ತು ಪಟ್ಟು. ಸ್ಟಾರ್ಟ್ ಒತ್ತಿರಲಿಲ್ಲ, ಹಾಗಾಗಿ ರೋಗಿಗೆ ಏನೂ ಆಗಲಿಲ್ಲ. ಅಕ್ಕ ಸರಿ ಮಾಡಿದರು, “ಥ್ಯಾಂಕ್ಸ್ ಮರಿ” ಅಂದರು, ಪಂಪ್ ಶುರು ಮಾಡಿದರು. ನಾನು ಆರನೇ ಬೆಡ್ಡಿನ ಹತ್ತಿರ ಬಗ್ಗಿ ಯೂರಿನ್ ಬ್ಯಾಗಿನ ಅಳತೆ ಬರೆದುಕೊಳ್ಳುತ್ತಿದ್ದೆ. ಎಲ್ಲ ಕೇಳಿಸಿತು. ತಲೆ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅನ್ನುವುದೂ ಈ ಪ್ರಕರಣದ ಭಾಗವೇ, ಆಮೇಲೆ ಹೇಳುತ್ತೇನೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ನಾನು ಐಸಿಯುಗೆ ಬಂದಾಗ ಕೈ ಹಿಡಿದು ಕೆಲಸ ಕಲಿಸಿದವರು. ಆ ರಾತ್ರಿ ಅವರಿಗೆ 51 ವರ್ಷ, ಅದೇ ಐಸಿಯುನಲ್ಲಿ 26 ವರ್ಷದ ಸರ್ವಿಸ್. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಇದನ್ನು ಅವರೇ ಓದಿದ್ದಾರೆ, ಎರಡು ಕಡೆ ತಿದ್ದಿಯೂ ಇದ್ದಾರೆ. ಆ ರಾತ್ರಿಯಿಂದ ಹಿಡಿದು ಅವರು ಬೆಡ್ ಪಕ್ಕದ ಕೆಲಸ ಬಿಡುವ ತನಕ ಸುಮಾರು ಹದಿನೇಳು ತಿಂಗಳು ಹಿಡಿಯಿತು. ಆ ಹದಿನೇಳು ತಿಂಗಳು ನಾವೆಲ್ಲ ಏನೇನು ತಪ್ಪಾಗಿ ಓದಿಕೊಂಡೆವು, ಕೊನೆಗೆ ಯಾವುದು ಸರಿಯಾದ ಗುರುತು ಅಂತ ಗೊತ್ತಾಯಿತು, ಅದನ್ನು ಬರೆಯುವುದು ನನ್ನ ಉದ್ದೇಶ. ನರ್ಸಿಂಗ್ ಗೊತ್ತಿಲ್ಲದವರಿಗೂ ಇದು ಅರ್ಥವಾಗುತ್ತದೆ. ಮೈದಾನದ ಆಟಗಾರ, ಅಂಗಡಿ ನಡೆಸುವವರು, ಮಕ್ಕಳು ದೊಡ್ಡವರಾದ ಮೇಲೂ ಅವರ ಬ್ಯಾಗ್ ತುಂಬಿಕೊಡುವ ಅಮ್ಮ, ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ ಅಲ್ವಾ: ಇನ್ನೂ ಇರಬೇಕಾ, ಹೊರಡಬೇಕಾ?

ಮೊದಲಿಗೆ ಒಂದು ಮಾತು. ಆ ಪಾಯಿಂಟ್ ತಪ್ಪಿದ್ದೇ ಗುರುತು ಅಂತ ಯಾರಾದರೂ ಅಂದುಕೊಂಡರೆ ಅದು ಸರಿಯಲ್ಲ. ದಶಮಾಂಶದ ಚುಕ್ಕೆ ಎಲ್ಲರಿಗೂ ತಪ್ಪುತ್ತದೆ, ಇಪ್ಪತ್ತೈದು ವರ್ಷದವರಿಗೂ ತಪ್ಪುತ್ತದೆ. ಅದಕ್ಕೇ ಇಬ್ಬರು ನೋಡಬೇಕು ಅನ್ನುವ ನಿಯಮ ಇರುವುದು. ಅದೂ ಬೆಳಗಿನ ಜಾವ ಮೂರರಿಂದ ಐದರ ನಡುವೆ ಮೈಯ ಬಿಸಿ ತೀರಾ ಇಳಿದಿರುತ್ತದೆ, ಎಚ್ಚರ ಅತೀ ಕಡಿಮೆ ಇರುವ ಹೊತ್ತು. ಅಕ್ಕ ಬೆಳಿಗ್ಗೆ ತಾವೇ ಫಾರಂ ತುಂಬಿ, ಆದದ್ದು ಆದ ಹಾಗೆ ಬರೆದು ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಟ್ಟರು. ಯಾರೂ ಬೈಯಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಆ ರಾತ್ರಿಯ ನಂತರ ಅಕ್ಕ ಮಾತು ಕಡಿಮೆ ಮಾಡಿದರು. ಮನೆಯಲ್ಲಿ ಭಾವ “ಸಾಕು ಬಿಡು, ಇನ್ನೆಷ್ಟು ದಿನ” ಅಂದರಂತೆ. ಅವರು ಅದನ್ನು ಐದು ವರ್ಷದಿಂದ ಹೇಳುತ್ತಲೇ ಇದ್ದರು. ಪಾಪ, ಕಾಳಜಿಯಿಂದಲೇ ಹೇಳುತ್ತಿದ್ದರು. ಆದರೆ ಪ್ರತಿ ಸಲ ಹೇಳಿದಾಗಲೂ ಅಕ್ಕನ ಹಟ ಒಂದು ಗೇಣು ಬೆಳೆಯಿತು. ಬಿಡುವುದು ಅಂದರೆ ಗಂಡನಿಗೆ ಸೋತ ಹಾಗೆ ಅಂತ ಆಗಿಬಿಟ್ಟಿತ್ತು. ನಿರ್ಧಾರ ಮಾಡಬೇಕಾದವರ ಎದುರು ಅದೇ ಉತ್ತರವನ್ನು ಮತ್ತೆ ಮತ್ತೆ ಹೇಳುತ್ತಿದ್ದರೆ ಹೀಗೇ ಆಗುವುದು. ಅವರು ಆ ಉತ್ತರದ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಪ್ರಶ್ನೆ ಹಾಗೇ ಉಳಿಯುತ್ತದೆ.

ನಾವು, ಅಂದರೆ ಜೊತೆಯವರು, ಮಾಡಿದ ಮೊದಲ ಊಹೆ: ಸುಸ್ತು. ಬರ್ನ್‌ಔಟ್ ಅನ್ನುತ್ತಾರಲ್ಲ, ಅದು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದಕ್ಕೊಂದು ಅಳತೆಗೋಲು ಮಾಡಿದ್ದರು. ಮೈಮನಸ್ಸು ಬಸಿದುಹೋಗುವುದು, ಎದುರಿರುವ ಮನುಷ್ಯರು ಬರೀ ಕೇಸ್‌ಗಳಾಗಿ ಕಾಣುವುದು, ಮಾಡಿದ ಕೆಲಸದಿಂದ ಏನೂ ಆಗಲ್ಲ ಅನ್ನಿಸುವುದು, ಈ ಮೂರನ್ನು ಅದು ಅಳೆಯುತ್ತದೆ. ಈಗ ಯೋಚಿಸಿದರೆ ಅಕ್ಕನಿಗೆ ಎರಡನೆಯದು ಇರಲೇ ಇಲ್ಲ. ಪ್ರಜ್ಞೆ ಇಲ್ಲದ ರೋಗಿಗೂ “ಮಗ್ಗುಲಾಗಿಸ್ತೀನಿ ಅಪ್ಪಾ, ಸ್ವಲ್ಪ ತಣ್ಣಗಾಗುತ್ತೆ” ಅಂತ ಹೇಳಿಯೇ ಮೈ ಒರೆಸುತ್ತಿದ್ದವರು. ಮೂರನೆಯದೂ ಇರಲಿಲ್ಲ. ಸುಸ್ತು ಮಾತ್ರ ಇತ್ತು. ಸುಸ್ತಿಗೆ ಮದ್ದು ರಜೆ. ಮೂರು ವಾರ ರಜೆ ಹಾಕಿಸಿದೆವು.

ರಜೆ ಮುಗಿಸಿ ಬಂದಾಗ ಮುಖ ಅರಳಿತ್ತು. ಮೊದಲ ರಾತ್ರಿ ಚೆನ್ನಾಗಿಯೇ ಹೋಯಿತು. ಎರಡನೇ ರಾತ್ರಿ ನಾನು ಔಷಧಿ ಟ್ರಾಲಿಯ ಕೆಳಗಿನ ಡ್ರಾಯರ್ ಎಳೆದೆ, ಟೇಪ್ ಬೇಕಿತ್ತು. ಒಳಗೆ ಒಂದು ಚಾಳೀಸು. ಅಕ್ಕನದು. ಕಂಪ್ಯೂಟರ್ ಹಿಂದೆ ಇನ್ನೊಂದು ಇದ್ದದ್ದು ನನಗೆ ಗೊತ್ತಿತ್ತು. ಜೇಬಿನಲ್ಲಿ ಒಂದು ಇದ್ದೇ ಇರುತ್ತಿತ್ತು. ಮೂರು ಚಾಳೀಸು. ರಜೆಯಿಂದ ಬಂದವರು ಎಲ್ಲಕ್ಕಿಂತ ಮೊದಲು ಅವನ್ನು ಅವವುಗಳ ಜಾಗದಲ್ಲಿ ಇಟ್ಟಿದ್ದರು. ಆ ಡ್ರಾಯರ್ ಮುಂದೆ ನಿಂತಾಗ ನನಗೆ ಬೇರೆ ಕೆಲವು ಸಂಗತಿಗಳೂ ಸಾಲಾಗಿ ಕಾಣಿಸತೊಡಗಿದವು. ಎಲ್ಲವೂ ಎರಡು ವರ್ಷದಿಂದ ಕಣ್ಣೆದುರೇ ಇದ್ದವು. ಒಟ್ಟಿಗೆ ನೋಡಿರಲಿಲ್ಲ, ಅಷ್ಟೇ.

ಬೆಡ್ ಹಂಚುವಾಗ ಅಕ್ಕ ಯಾವಾಗಲೂ ಮೂರು ಇಲ್ಲವೇ ನಾಲ್ಕು ತೆಗೆದುಕೊಳ್ಳುತ್ತಿದ್ದರು. ಅವು ನರ್ಸಿಂಗ್ ಸ್ಟೇಷನ್‌ಗೆ ಹತ್ತಿರ, ಬೆಳಕು ಜಾಸ್ತಿ. ಹತ್ತು ಹನ್ನೊಂದು ಮೂಲೆಯಲ್ಲಿ, ಕತ್ತಲೆ, ಅಲ್ಲೇ ಡಯಾಲಿಸಿಸ್ ರೋಗಿಗಳು. “ಅದನ್ನ ಹೊಸಬರಿಗೆ ಕೊಡಿ, ಕಲಿಯಲಿ” ಅನ್ನುತ್ತಿದ್ದರು. ದೊಡ್ಡ ಮನಸ್ಸು ಅಂದುಕೊಂಡಿದ್ದೆವು. ಇಪ್ಪತ್ತನಾಲ್ಕು ಗಂಟೆ ಓಡುವ ಹೊಸ ಡಯಾಲಿಸಿಸ್ ಮೆಷಿನ್ ಬಂದು ಎರಡು ವರ್ಷವಾಗಿತ್ತು. ಅಕ್ಕ ಅದನ್ನು ಒಬ್ಬರೇ ಒಂದು ಸಲವೂ ಕಟ್ಟಿರಲಿಲ್ಲ. “ನೀನು ಹಾಕು, ನಾನು ಪಕ್ಕದಲ್ಲೇ ಇರ್ತೀನಿ.” ಸಿರಿಂಜ್ ಬದಲಿಸುವ ಹೊತ್ತು ನೆನಪಾಗಲಿ ಅಂತ ಫೋನಿನಲ್ಲಿ 3:40ಕ್ಕೆ ಅಲಾರಂ, ಸದ್ದಿಲ್ಲದೆ ಜೇಬಿನಲ್ಲಿ ನಡುಗುವ ಹಾಗೆ. ಮೊದಲು ಅಂಥದ್ದೆಲ್ಲ ಬೇಕೇ ಇರಲಿಲ್ಲ. ಪಂಪ್ ಕೂಗುವುದಕ್ಕೆ ಹತ್ತು ನಿಮಿಷ ಮುಂಚೆ ತಾವಾಗಿಯೇ ಎದ್ದು ಹೋಗುತ್ತಿದ್ದವರು. ಇನ್ನು, ಡ್ಯೂಟಿಗೆ ನಲವತ್ತು ನಿಮಿಷ ಮುಂಚೆ ಬಂದು ಫೈಲುಗಳನ್ನೆಲ್ಲ ಓದಿಕೊಳ್ಳುವುದು. ನೈಟ್ ಇದ್ದ ದಿನ ಬೆಳಿಗ್ಗೆಯಿಂದ ಕೋಣೆ ಕತ್ತಲೆ ಮಾಡಿ ಮಲಗುವುದು, ಯಾರ ಮನೆಗೂ ಹೋಗದೆ ಇರುವುದು. ಡ್ಯೂಟಿ ಮುಗಿದ ಮೇಲೆ ಎರಡು ದಿನ ಏನೂ ಮಾಡಲಾಗದೆ ಬಿದ್ದಿರುವುದು.

ಲೆಕ್ಕ ಹಾಕಿ. ಹನ್ನೆರಡು ಗಂಟೆಯ ಒಂದು ಡ್ಯೂಟಿಗೆ ಮುಂಚೆ ಒಂದು ದಿನ, ಆಮೇಲೆ ಎರಡು ದಿನ. ಕೆಲಸಕ್ಕಿಂತ ಕೆಲಸದಲ್ಲಿ ಉಳಿಯುವ ಕೆಲಸವೇ ಜಾಸ್ತಿ ಆಗಿತ್ತು.

ಇವನ್ನು ನಾನು ನನ್ನ ಮಟ್ಟಿಗೆ ಊರುಗೋಲು ಅಂತ ಕರೆದುಕೊಂಡೆ. ಆದರೆ ಊರುಗೋಲು ಇರುವುದೇ ತಪ್ಪು ಅನ್ನಲು ನನಗೆ ಧೈರ್ಯ ಬರಲಿಲ್ಲ, ಯಾಕೆಂದರೆ ಎದುರಿಗೆ ಬಲವಾದ ಉದಾಹರಣೆಗಳಿದ್ದವು. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ವೇದಿಕೆ ಬಿಟ್ಟದ್ದು 1976ರಲ್ಲಿ, 89ನೇ ವಯಸ್ಸಿನಲ್ಲಿ, ಅದೂ ಕಣ್ಣು ಕೈಕೊಟ್ಟ ಮೇಲೆ. ಇಳಿವಯಸ್ಸಿನಲ್ಲೂ ಇಷ್ಟು ಚೆನ್ನಾಗಿ ಹೇಗೆ ನುಡಿಸುತ್ತೀರಿ ಅಂತ ಹಿಂದೊಮ್ಮೆ ಕೇಳಿದಾಗ ಅವರು ಗುಟ್ಟು ಬಿಟ್ಟುಕೊಟ್ಟರು: ಕೃತಿಗಳನ್ನು ಕಡಿಮೆ ಮಾಡಿಕೊಂಡಿದ್ದೇನೆ, ಇರುವುದನ್ನೇ ಹೆಚ್ಚು ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮುಂಚೆ ಸ್ವಲ್ಪ ನಿಧಾನ ಮಾಡುತ್ತೇನೆ, ಆಗ ವೇಗ ಇದ್ದದ್ದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ವಯಸ್ಸಾಗುವುದರ ಬಗ್ಗೆ ಕೆಲಸ ಮಾಡಿದ ಪಾಲ್ ಬಾಲ್ಟೆಸ್ ಮತ್ತು ಮಾರ್ಗ್ರೆಟ್ ಬಾಲ್ಟೆಸ್ ದಂಪತಿ ಇದನ್ನೇ ಉದಾಹರಣೆಯಾಗಿ ಹಿಡಿದು, ಚೆನ್ನಾಗಿ ವಯಸ್ಸಾಗುವುದು ಅಂದರೆ ಹೀಗೇ ಅಂದರು. 1984ರಲ್ಲಿ ತಿಮೊಥಿ ಸಾಲ್ಟ್‌ಹೌಸ್ 19ರಿಂದ 72 ವಯಸ್ಸಿನ ಟೈಪಿಸ್ಟುಗಳನ್ನು ಪರೀಕ್ಷಿಸಿ ಇಂಥದ್ದೇ ಇನ್ನೊಂದು ಕಂಡುಕೊಂಡರು. ವಯಸ್ಸಾದವರ ಬೆರಳು ನಿಧಾನ, ಆದರೆ ಟೈಪಿಂಗ್ ನಿಧಾನ ಅಲ್ಲ. ಅವರು ಬರಲಿರುವ ಅಕ್ಷರಗಳನ್ನು ಇನ್ನಷ್ಟು ಮುಂದಕ್ಕೆ ನೋಡಿಕೊಂಡು ಟೈಪ್ ಮಾಡುತ್ತಿದ್ದರು.

ಹಾಗಾದರೆ ನಲವತ್ತು ನಿಮಿಷ ಮುಂಚೆ ಬಂದು ಫೈಲ್ ಓದುವ ಅಕ್ಕನಿಗೂ ರೂಬಿನ್‌ಸ್ಟೈನ್‌ಗೂ ಏನು ವ್ಯತ್ಯಾಸ? ಇದು ನನ್ನನ್ನು ಬಹಳ ದಿನ ಕಾಡಿತು. ಎರಡೂ ಮೇಲುನೋಟಕ್ಕೆ ಒಂದೇ. ಬೇಕಿದ್ದರೆ ಅಕ್ಕನನ್ನು ಹೊಗಳಿ ಒಂದು ಲೇಖನ ಬರೆಯಬಹುದಿತ್ತು, ನೋಡಿ ಅನುಭವ ಅಂದರೆ ಇದು ಅಂತ.

ವ್ಯತ್ಯಾಸ ಹೊಳೆದದ್ದು ಅಕ್ಕನ ಒಂದು ಸಣ್ಣ ಕೈಚಲನೆಯಿಂದ. ಒಂದು ರಾತ್ರಿ 3:40ಕ್ಕೆ ಫೋನ್ ಜೇಬಿನಲ್ಲಿ ನಡುಗಿತು. ಪಕ್ಕದಲ್ಲಿ ಹೊಸ ಹುಡುಗಿ ನಿಂತಿದ್ದಳು. ಅಕ್ಕ ತಕ್ಷಣ ಜೇಬಿನ ಮೇಲೆ ಕೈ ಒತ್ತಿ ಹಿಡಿದು, “ಮಗಳ ಮೆಸೇಜ್ ಇರಬೇಕು” ಅಂದರು. ರೂಬಿನ್‌ಸ್ಟೈನ್ ತಮ್ಮ ಊರುಗೋಲನ್ನು ಜಗತ್ತಿಗೇ ತೋರಿಸಿದ್ದರು. ಅಕ್ಕ ಅದನ್ನು ಏಳು ತಿಂಗಳ ಹುಡುಗಿಯಿಂದ ಮುಚ್ಚಿಟ್ಟರು.

ಅಂದಿನಿಂದ ನಾನು ಈ ಒಂದು ಪರೀಕ್ಷೆಯನ್ನೇ ನಂಬಿದ್ದೇನೆ. ನಾವು ಕೆಲಸದಲ್ಲಿ ಉಳಿಯಲು ಮಾಡಿಕೊಂಡಿರುವ ಏರ್ಪಾಡುಗಳನ್ನು ಜೊತೆಯವರಿಗೆ ಆರಾಮಾಗಿ ಹೇಳಬಹುದಾ? ಹೇಳಬಹುದಾದರೆ ಅದು ಹೊಂದಾಣಿಕೆ, ಇನ್ನೂ ಹತ್ತು ವರ್ಷ ಇರಬಹುದು. ಹೇಳಲು ನಾಲಿಗೆ ಏಳದಿದ್ದರೆ, ಹೊರಡುವ ಹೊತ್ತು ಬಂದಿದೆ ಅಂತ ಒಳಗೆಲ್ಲೋ ಗೊತ್ತಾಗಿದೆ, ಅದನ್ನು ಕೇಳಿಸಿಕೊಳ್ಳುವ ಮನಸ್ಸಿಲ್ಲ. ಚಾಳೀಸಿನ ಬಗ್ಗೆ ಅಕ್ಕ ತಮಾಷೆ ಮಾಡುತ್ತಿದ್ದರು. ಅಲಾರಂ, ಬೆಡ್ ಹಂಚಿಕೆ, ಡಯಾಲಿಸಿಸ್ ಮೆಷಿನ್, ಈ ಮೂರರ ಬಗ್ಗೆ ಒಂದು ಮಾತೂ ಇಲ್ಲ.

ಈಗ ನನ್ನ ತಪ್ಪಿನ ವಿಷಯ. ಹತ್ತನೇ ಬೆಡ್ ಅಕ್ಕನ ಪಾಲಿಗೆ ಬಂದಾಗಲೆಲ್ಲ “ನಾನು ನೋಡ್ಕೋತೀನಿ ಬಿಡಿ” ಅಂತ ಬದಲಿಸಿಕೊಂಡವಳು ನಾನೇ. ಮೆಷಿನ್ ಕಟ್ಟಿಕೊಟ್ಟದ್ದೂ ಬಹಳ ಸಲ ನಾನೇ. ಅಂದರೆ ಅಕ್ಕನ ಊರುಗೋಲುಗಳಲ್ಲಿ ದೊಡ್ಡದು ನಾನು. ಆ ರಾತ್ರಿ ತಲೆ ಎತ್ತದೆ ಇದ್ದದ್ದು ಅದಕ್ಕೇ. ಎತ್ತಿದ್ದರೆ ನನಗೂ ಗೊತ್ತು ಅಂತ ಅಕ್ಕನಿಗೆ ಗೊತ್ತಾಗುತ್ತಿತ್ತು. ಗುರು ಅಂತ ಕಂಡವರಿಗೆ ಸಹಾಯ ಮಾಡುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಸಹಾಯವೇ ಹೌದು, ಆದರೆ ಅದು ಅಕ್ಕ ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಎರಡು ವರ್ಷ ಮುಂದೂಡಿತು. ಯಾರಾದರೂ ಹೊರಡಲಾಗದೆ ಒದ್ದಾಡುತ್ತಿದ್ದರೆ ಸುತ್ತ ಒಮ್ಮೆ ನೋಡಿ, ನನ್ನಂಥವರು ಒಬ್ಬಿಬ್ಬರಾದರೂ ಇರುತ್ತಾರೆ.

ಇದನ್ನೆಲ್ಲ ನಾನು ಅಕ್ಕನಿಗೆ ಹೇಳುವ ಮುಂಚೆಯೇ ಅವರು ಒಂದು ಹೆಜ್ಜೆ ಇಟ್ಟುಬಿಟ್ಟರು. ರಜೆಯಿಂದ ಬಂದು ಒಂದೂವರೆ ತಿಂಗಳಿಗೆ, ಫೈಲುಗಳನ್ನು ತಪಾಸಣೆ ಮಾಡುವ ವಿಭಾಗದಲ್ಲಿ ಜಾಗ ಖಾಲಿಯಾಯಿತು. ಹಗಲು ಡ್ಯೂಟಿ, ಕುರ್ಚಿ, ಕಂಪ್ಯೂಟರ್. ಅಕ್ಕ ಅರ್ಜಿ ಹಾಕಿದರು, ಸಿಕ್ಕಿತು. ನಾವೆಲ್ಲ ಚಪ್ಪಾಳೆ ತಟ್ಟಿ ಕಳಿಸಿದೆವು. ಭಾವ ಎಲ್ಲರಿಗಿಂತ ಖುಷಿ.

ನಾಲ್ಕೇ ತಿಂಗಳು. ಐದನೇ ತಿಂಗಳಿಗೆ ಅಕ್ಕ ವಾಪಸ್ ಐಸಿಯುಗೆ ಕೇಳಿಕೊಂಡು ಬಂದರು. ಮತ್ತೆ ನೈಟ್. ಮತ್ತೆ ಮೂರು ಚಾಳೀಸು.

ಈ ಪ್ರಕರಣದಲ್ಲಿ ಎಲ್ಲರೂ ಎಡವಿದ್ದು ಇಲ್ಲೇ, ಅದಕ್ಕೆ ಸ್ವಲ್ಪ ನಿಂತು ನೋಡೋಣ. ಅಕ್ಕ ವಾಪಸ್ ಬಂದಾಗ ಎಲ್ಲರೂ ತೆಗೆದುಕೊಂಡ ಅರ್ಥ ಒಂದೇ: ನೋಡಿ, ಅವರಿಗೆ ಐಸಿಯುವೇ ಸರಿ, ಬಿಟ್ಟಿರಲು ಆಗಲ್ಲ. ಅಕ್ಕನೂ ಹಾಗೇ ಹೇಳಿದರು. “ನನ್ನ ಜಾಗ ಇದೇ ಕಣೆ.” ಆದರೆ ಹೊಸ ಜಾಗ ಸರಿಹೋಗಲಿಲ್ಲ ಅನ್ನುವುದರಿಂದ ಹಳೇ ಜಾಗ ಸರಿ ಅಂತ ಹೇಗಾಗುತ್ತದೆ? ಚಪ್ಪಲಿ ಕಚ್ಚುತ್ತದೆ ಅಂತ ಹೊಸದು ತಂದೆ, ಹೊಸದೂ ಕಚ್ಚಿತು, ಆದ್ದರಿಂದ ಹಳೆಯದು ಕಚ್ಚುತ್ತಿರಲಿಲ್ಲ ಅಂದ ಹಾಗೆ. ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಇಲ್ಲಿಂದ ಹೊರಡಬೇಕಾ ಅನ್ನುವುದು ಒಂದು. ಎಲ್ಲಿಗೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಕೊಟ್ಟ ತಪ್ಪು ಉತ್ತರ ಮೊದಲನೆಯದನ್ನು ಅಳಿಸಿಹಾಕುವುದಿಲ್ಲ. ಆದರೂ ನಮಗೆ ಹಾಗೇ ಅನ್ನಿಸುತ್ತದೆ, ಯಾಕೆಂದರೆ ವಾಪಸ್ ಬಂದಾಗ ಸಿಗುವ ನೆಮ್ಮದಿ ನಿಜವಾದದ್ದೇ. ಗುರುತಿನ ವಾಸನೆ, ಗುರುತಿನ ಸದ್ದು. ಮಾನಿಟರಿನ ಬೀಪ್ ಕೇಳಿ ನನಗೆ ನಿದ್ದೆ ಬರುವ ಹಾಗಾಯಿತು ಅಂತ ಅಕ್ಕ ನಕ್ಕಿದ್ದರು.

ಮೇಜಿನ ಕೆಲಸ ಯಾಕೆ ಹಿಡಿಸಲಿಲ್ಲ ಅಂತ ಕೇಳಿದಾಗ ಅಕ್ಕ ಒಂದು ಮಾತು ಹೇಳಿದರು: “ಅಲ್ಲಿ ಯಾರೂ ಏನೂ ಕೇಳಲ್ಲ ಕಣೆ.” ಆಗ ನನಗೆ ಅರ್ಥವಾಗಲಿಲ್ಲ.

ಹೆಲೆನ್ ಈಬಾ ಅನ್ನುವ ಸಮಾಜಶಾಸ್ತ್ರಜ್ಞೆ, ತಾವೇ ಒಂದು ಕಾಲಕ್ಕೆ ಸನ್ಯಾಸಿನಿಯಾಗಿದ್ದು ಹೊರಬಂದವರು, ಬದುಕಿನ ದೊಡ್ಡ ಪಾತ್ರವೊಂದನ್ನು ಬಿಟ್ಟು ಬಂದ 185 ಜನರನ್ನು ಮಾತನಾಡಿಸಿ 1988ರಲ್ಲಿ ಬರೆದಿದ್ದಾರೆ. ಬಿಡುವುದು ಒಂದೇ ಏಟಿಗೆ ಆಗುವುದಿಲ್ಲ. ಮೊದಲು ಅನುಮಾನ, ಆಮೇಲೆ ಬೇರೆ ದಾರಿಗಳ ಹುಡುಕಾಟ, ಒಂದು ತಿರುವು, ಕೊನೆಗೆ ಬಿಟ್ಟವರಾಗಿ ಬದುಕುವುದನ್ನು ಕಲಿಯುವುದು. ಅಕ್ಕ ಹುಡುಕಾಟವನ್ನು ಹಾರಿ ಸಿಕ್ಕ ಮೊದಲ ಬಾಗಿಲಿಗೆ ನುಗ್ಗಿದ್ದರು. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ನೋಡಿರಲಿಲ್ಲ. ಇಲ್ಲಿಂದ ಹೋದರೆ ಸಾಕಿತ್ತು.

ವಾಪಸ್ ಬಂದು ಎರಡು ತಿಂಗಳಾದ ಮೇಲೆ ನಾನು ಬಾಯಿ ಬಿಟ್ಟೆ. ಡ್ಯೂಟಿ ಮುಗಿದು ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರೇ ಇದ್ದೆವು. ಅಲಾರಂ ಗೊತ್ತು ಅಂದೆ. ಬೆಡ್ ಗೊತ್ತು ಅಂದೆ. ಮೆಷಿನ್ ವಿಷಯ ಹೇಳಿದೆ. ನಾನು ಮುಚ್ಚಿಹಾಕಿದ್ದನ್ನೂ ಹೇಳಿದೆ. ಅಕ್ಕ ಶೂ ಲೇಸ್ ಬಿಚ್ಚುತ್ತಿದ್ದವರು ಹಾಗೇ ಕೂತರು. “ಎಷ್ಟು ದಿನದಿಂದ ಲೆಕ್ಕ ಇಡ್ತಾ ಇದ್ದೀಯ?” ಅಂದರು. ಆ ದನಿ ನನಗೆ ಇನ್ನೂ ಕಿವಿಯಲ್ಲಿದೆ. ಎದ್ದು ಹೋದರು. ಐದು ವಾರ ನನ್ನ ಜೊತೆ ಡ್ಯೂಟಿಯ ಮಾತು ಬಿಟ್ಟು ಒಂದಕ್ಷರ ಆಡಲಿಲ್ಲ.

ನಾನು ಹೇಳಿದ ರೀತಿ ತಪ್ಪು. ರಾತ್ರಿಯೆಲ್ಲ ಎಚ್ಚರ ಇದ್ದವರಿಗೆ ಬೆಳಿಗ್ಗೆ ಎಂಟಕ್ಕೆ ಅವರ ಗುಟ್ಟುಗಳ ಪಟ್ಟಿ ಓದಿ ಹೇಳುವುದು ದಡ್ಡತನ. ಒಂದನ್ನು ಮಾತ್ರ ಎತ್ತಿದ್ದರೆ ಸಾಕಿತ್ತು. ಅಥವಾ ನನ್ನ ಪಾಲಿನ ತಪ್ಪನ್ನು ಮೊದಲು ಹೇಳಿ ಅಲ್ಲಿಗೇ ನಿಲ್ಲಿಸಬಹುದಿತ್ತು.

ಆರನೇ ವಾರ ಅಕ್ಕ ತಾವೇ ಬಂದರು. “26 ವರ್ಷ ಕಣೆ. 26 ವರ್ಷ ಕಲಿತದ್ದನ್ನ ಏನು ಮಾಡಲಿ?”

ಇದಕ್ಕೆ ಪುಸ್ತಕದ ಉತ್ತರ ಒಂದಿದೆ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಅನ್ನುವ ಇಬ್ಬರು ಒಂದು ನಾಟಕ ಋತುವಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಕೊಟ್ಟರು. ಯಾರಿಗೆ ಏನು ಅನ್ನುವುದು ಲಾಟರಿ ಇದ್ದ ಹಾಗೆ. ಪೂರ್ತಿ ಕೊಟ್ಟವರು ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಅದೇ, ಕುರ್ಚಿ ಅದೇ. ಕೊಟ್ಟ ದುಡ್ಡು ಎಳೆಯುತ್ತಿತ್ತು. ಕೊಟ್ಟದ್ದು ಹೇಗೂ ವಾಪಸ್ ಬರುವುದಿಲ್ಲ, ಮುಂದಿನದ್ದನ್ನು ಮಾತ್ರ ನೋಡಿ ಅನ್ನುತ್ತಾರೆ ಇದನ್ನು ಓದಿದವರು. ನಾನೂ ಅದನ್ನೇ ಹೇಳುವವಳಿದ್ದೆ. ಪುಣ್ಯಕ್ಕೆ ಹೇಳಲಿಲ್ಲ. ಅಕ್ಕ ಕೇಳಿದ್ದು ಬೇರೆ. 26 ವರ್ಷ ದಂಡವಾಗುತ್ತಲ್ಲ ಅಂತ ಅವರು ಅಳುತ್ತಿರಲಿಲ್ಲ. ಇಷ್ಟು ಇದೆಯಲ್ಲ, ಇದನ್ನು ಎಲ್ಲಿಡಲಿ ಅಂತ ನಿಜವಾಗಿಯೇ ಕೇಳುತ್ತಿದ್ದರು. ನಾಟಕದ ಟಿಕೆಟ್ ಮುಂದಿನ ವರ್ಷ ನಡೆಯಲ್ಲ. ಕೈಗೆ ಬಂದ ವಿದ್ಯೆ ಬೇರೆ ಬಾಗಿಲಿಗೂ ನಡೆಯಬಹುದು.

ಆಗ ಅವರ ಹಳೇ ಮಾತು ನೆನಪಾಯಿತು. ಅಲ್ಲಿ ಯಾರೂ ಏನೂ ಕೇಳಲ್ಲ. ಐಸಿಯುನಲ್ಲಿ ದಿನವಿಡೀ “ಅಕ್ಕ ಇದು ನೋಡಿ, ಅಕ್ಕ ಇದು ಸರೀನಾ, ಅಕ್ಕ ಹೀಗ್ಯಾಕೆ” ಅಂತ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅಕ್ಕನಿಗೆ ಬೇಕಿದ್ದದ್ದು ಅದು. ನೈಟ್ ಡ್ಯೂಟಿಯೂ ಅಲ್ಲ, ಪಂಪೂ ಅಲ್ಲ.

ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವ ಕೋಣೆಯೊಂದು ನಮ್ಮಲ್ಲಿತ್ತು. ಪ್ಲಾಸ್ಟಿಕ್ ಕೈಗಳು, ಒಂದು ಬೊಂಬೆ, ಕೆಟ್ಟ ಎರಡು ಪಂಪ್. ಅಕ್ಕ ಈ ಸಲ ಅರ್ಜಿ ಹಾಕಲಿಲ್ಲ. ತಿಂಗಳಿಗೆ ಎರಡು ಹಗಲು ಅಲ್ಲಿ ಕೂರುತ್ತೇನೆ, ಉಳಿದದ್ದು ಐಸಿಯು, ಮೂರು ತಿಂಗಳು ನೋಡೋಣ ಅಂತ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿದರು. ನನಗೆ ಕುತೂಹಲ, ಮೊದಲ ದಿನ ಇಣುಕಿ ನೋಡಿದೆ. ಪ್ಲಾಸ್ಟಿಕ್ ಕೈಗೆ ಸೂಜಿ ಚುಚ್ಚಲು ಒದ್ದಾಡುತ್ತಿದ್ದ ಹುಡುಗನ ಮೊಣಕೈಯನ್ನು ಅಕ್ಕ ಎರಡು ಬೆರಳಲ್ಲಿ ಒಂದಿಷ್ಟು ಕೆಳಗೆ ಒತ್ತಿದರು, ಅಷ್ಟೇ. ಸೂಜಿ ಸಲೀಸಾಗಿ ಒಳಗೆ ಹೋಯಿತು. ಹುಡುಗ ಬೆಪ್ಪಾಗಿ ನೋಡಿದ. ಅಕ್ಕನಿಗೆ ಅಲ್ಲಿ ಚಾಳೀಸು ಒಂದೇ, ಅದೂ ಮೂಗಿನ ಮೇಲೇ ಇತ್ತು.

ಮೂರನೇ ಸಲಕ್ಕೆ ಅವರು ಕೆಟ್ಟ ಪಂಪ್ ಒಂದನ್ನು ರಿಪೇರಿ ಮಾಡಿಸಿಕೊಂಡು ಬಂದು, ಅದರಲ್ಲಿ 40 ಒತ್ತಿ, ಹುಡುಗರ ಮುಂದಿಟ್ಟು ಕೇಳಿದರು: “ಇದರಲ್ಲಿ ತಪ್ಪೇನು?” ತಾನೇ ಮಾಡಿದ್ದು ಅಂತಲೂ ಹೇಳಿದರು. ಎಷ್ಟು ಗಂಟೆಗೆ, ಯಾವ ಬೆಡ್, ಯಾರು ಹಿಡಿದರು, ಎಲ್ಲ. ಅಲಾರಂ ವಿಷಯವೂ ಹೇಳಿದರು ಅಂತ ಆಮೇಲೆ ಗೊತ್ತಾಯಿತು. ಐಸಿಯುನಲ್ಲಿ ಎರಡು ವರ್ಷ ಮುಚ್ಚಿಟ್ಟದ್ದು ಇಲ್ಲಿ ಪಾಠವಾಗಿ ಬಾಯಿಗೆ ಬಂತು. ನನಗೆ ಅವತ್ತೇ ತೀರ್ಮಾನ ಆಗಿಹೋಯಿತು. ಅವರಿಗೆ ಆಗಿರಲಿಲ್ಲ.

ಕೊನೆಯ ಎಳೆದಾಟ ನಡೆದದ್ದು ಪೂರ್ತಿ ಹೋಗಬೇಕಾ ಅನ್ನುವುದರ ಮೇಲೆ. ನೈಟ್ ಅಲವೆನ್ಸ್ ಹೋಗುತ್ತದೆ, ಮಗನ ಓದು ಇನ್ನೂ ಎರಡು ವರ್ಷ ಇದೆ. ಇದು ಸುಳ್ಳು ನೆಪವಲ್ಲ. ಆದರೆ ಕೂತು ಬರೆದಾಗ ಒಂದು ವರ್ಷ ಬಿಗಿ ಹಿಡಿದರೆ ಸಾಗುತ್ತದೆ ಅಂತ ಕಂಡಿತು, ಆಮೇಲೆ ಆ ಮಾತು ಬರಲಿಲ್ಲ. “ಒಂದು ವೇಳೆ ತಪ್ಪಾದರೆ?” ಅನ್ನುವುದು ಮಾತ್ರ ಉಳಿಯಿತು.

ಆಗ ನಾನು ಸ್ಟೀವನ್ ಲೆವಿಟ್ ಅನ್ನುವ ಅರ್ಥಶಾಸ್ತ್ರಜ್ಞನ ನಾಣ್ಯದ ಕಥೆ ಹೇಳಿದೆ. ಬದುಕಿನ ದೊಡ್ಡ ನಿರ್ಧಾರದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅವರು ಇಂಟರ್‌ನೆಟ್‌ನಲ್ಲಿ ನಾಣ್ಯ ಚಿಮ್ಮುವ ಅವಕಾಶ ಕೊಟ್ಟರು. 20 ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ಕೆಲಸ ಬಿಡಲಾ, ಸಂಬಂಧ ಮುರಿಯಲಾ, ಅಂಥ ಪ್ರಶ್ನೆಗಳು. ಆರು ತಿಂಗಳ ನಂತರ ಕೇಳಿದಾಗ, ದೊಡ್ಡ ವಿಷಯಗಳಲ್ಲಿ ಬದಲಾವಣೆ ಕಡೆ ಹೋದವರು ಇದ್ದಲ್ಲೇ ಉಳಿದವರಿಗಿಂತ ಖುಷಿಯಾಗಿದ್ದರು. 2021ರಲ್ಲಿ ಇದು ವಿದ್ವತ್ ಪತ್ರಿಕೆಯಲ್ಲಿ ಬಂತು. ಇದನ್ನು ಎಲ್ಲರಿಗೂ ಹೇಳಲು ನನಗೆ ಇಷ್ಟವಿಲ್ಲ. ನಾಣ್ಯ ಚಿಮ್ಮಲು ಬಂದವರು ಅಂದರೆ ಆಗಲೇ ಹೊಸಿಲ ಮೇಲೆ ನಿಂತವರು, ಹೊರಡುವ ಮನಸ್ಸು ಅರ್ಧ ಆಗಿರುವವರು. ನೆಮ್ಮದಿಯಾಗಿ ಇರುವವರನ್ನು ಎಬ್ಬಿಸಿ ಕಳಿಸಲು ಇದು ಸಾಕ್ಷಿಯಲ್ಲ. ಆದರೆ ಅಕ್ಕ ಹೊಸಿಲ ಮೇಲೇ ಇದ್ದರು.

“ಹಂಗಾದ್ರೆ ಚಿಮ್ಮು” ಅಂದರು. ನನ್ನ ಹತ್ತಿರ ನಾಣ್ಯ ಇರಲಿಲ್ಲ. ಯೂನಿಫಾರಂ ಜೇಬಿನಲ್ಲಿ ಯಾರು ನಾಣ್ಯ ಇಟ್ಟುಕೊಳ್ಳುತ್ತಾರೆ? ಹುಡುಕಲು ಹೊರಟೆ. “ಬೇಡ ಬಿಡು” ಅಂದರು. “ಐಸಿಯು ಅಂತ ಬಿದ್ರೆ ಬೇಜಾರಾಗುತ್ತೆ ಅಂತ ಈಗಲೇ ಗೊತ್ತಾಯ್ತು.”

ಎರಡು ತಿಂಗಳ ಆಚೆಗೆ ತಾರೀಖು ಗೊತ್ತು ಮಾಡಿದರು. ಆ ಎರಡು ತಿಂಗಳಲ್ಲಿ ಒಂದು ವಿಚಿತ್ರ ಮಾಡಿದರು: ಹತ್ತನೇ ಬೆಡ್ ಕೇಳಿ ತೆಗೆದುಕೊಂಡು, ಡಯಾಲಿಸಿಸ್ ಮೆಷಿನ್ ಕಲಿತರು. ಏಳು ತಿಂಗಳ ಹುಡುಗಿ, ಅಷ್ಟು ಹೊತ್ತಿಗೆ ಅವಳಿಗೆ ಎರಡು ವರ್ಷವಾಗುತ್ತಾ ಬಂದಿತ್ತು, ಅವಳ ಹತ್ತಿರವೇ ಕೇಳಿ ಕಲಿತರು. ಹೊರಡುವವರಿಗೆ ಯಾಕಪ್ಪಾ ಇದು ಅಂತ ನಮಗೆಲ್ಲ. ಬಿಟ್ಟು ಓಡಿದೆ ಅಂತ ನನಗೇ ಅನ್ನಿಸಬಾರದು ಅಂದರು. ಮೂರು ಸಲ ಒಬ್ಬರೇ ಕಟ್ಟಿದರು. ಮೂರನೇ ಸಲ ಒಂದು ಕ್ಲ್ಯಾಂಪ್ ತಪ್ಪಿತು, ಮೆಷಿನ್ ಕೂಗಿತು, ಅಕ್ಕ ಎಲ್ಲರೆದುರೇ “ಯಾರಾದ್ರೂ ಬನ್ರೇ, ನನಗೆ ಕಾಣಿಸ್ತಿಲ್ಲ” ಅಂದರು.

ಕೊನೆಯ ರಾತ್ರಿ ವಿಶೇಷವೇನೂ ಇರಲಿಲ್ಲ. ಬೆಳಿಗ್ಗೆ ಬೆಡ್ ಪಕ್ಕ ನಿಂತು ಹ್ಯಾಂಡೋವರ್ ಕೊಟ್ಟರು, ಎಂದಿನ ಹಾಗೆ ರೋಗಿಯ ಹೆಸರಿನಿಂದ ಶುರು ಮಾಡಿ ಕಾಲಿನ ಬೆರಳಿನ ತನಕ. ಸಹಿ ಹಾಕಿದರು. ಕಣ್ಣೀರು ಬಂದದ್ದು ಅಂದಲ್ಲ. ಹನ್ನೊಂದು ದಿನ ಆದ ಮೇಲೆ ಯಾವುದೋ ಫೈಲ್ ತರಲು ಐಸಿಯುಗೆ ಬಂದರು, ಅಭ್ಯಾಸದಂತೆ ಬಾಗಿಲಿಗೆ ಕಾರ್ಡ್ ಹಿಡಿದರು, ಕೆಂಪು ದೀಪ ಬಂತು. ಹೊರಗಿನ ಬೆಂಚಿನ ಮೇಲೆ, ರೋಗಿಗಳ ಮನೆಯವರು ಕೂರುವ ಜಾಗದಲ್ಲಿ, ಕೂತು ಅತ್ತರು. ನಾನು ಬಾಗಿಲು ತೆಗೆದಾಗ ಕಣ್ಣು ಒರೆಸಿಕೊಂಡು, “ಬೆಲ್ ಎಷ್ಟು ಸಲ ಹೊಡೀಬೇಕ್ರೇ ನಿಮಗೆ?” ಅಂತ ರೇಗಿದರು.

ಈಗ ಒಂದೂವರೆ ವರ್ಷವಾಗಿದೆ. ತರಬೇತಿ ಕೋಣೆಯಲ್ಲಿ ಪಂಪ್‌ಗಳು ಐದಾಗಿವೆ. ಎಲ್ಲ ಚೆನ್ನಾಗಿದೆ ಅಂತಲ್ಲ. ಕೆಲವು ದಿನ ಕ್ಲಾಸಿಗೆ ಯಾರೂ ಬರುವುದಿಲ್ಲ, ಆಗ ಬೊಂಬೆಯ ಜೊತೆ ಒಬ್ಬರೇ ಕೂತಿರುತ್ತಾರೆ. ತುರ್ತು ಘೋಷಣೆ ಕೇಳಿಸಿದರೆ ಇವತ್ತಿಗೂ ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂರುತ್ತಾರೆ. ಹೋದ ವಾರ ಹತ್ತಿರ ಕೂತಿದ್ದಾಗ ಅವರ ಫೋನ್ ನೋಡಿದೆ. ಅಲಾರಂ ಪಟ್ಟಿಯಲ್ಲಿ 3:40 ಇನ್ನೂ ಹಾಗೇ ಇತ್ತು, ಆನ್ ಆಗಿಯೇ.

“ಇದನ್ನ ಯಾಕೆ ಇಟ್ಟಿದ್ದೀರಿ ಅಕ್ಕ? ದಿನಾ ಎಚ್ಚರ ಆಗಲ್ವಾ?”

“ಆಗುತ್ತೆ” ಅಂದರು. “ಮಗ್ಗುಲು ಬದಲಿಸಿ ಮಲಗ್ತೀನಿ.”